ದೂರ ಬದಲಾಗಿಲ್ಲ, ಹಾರಾಟದ ಸಮಯ ಏಕೆ ಬದಲಾಗುತ್ತಿದೆ?

ಎರಡು ನಗರಗಳ ಹೆಸರು ಕೊಟ್ಟು ಅಂತರ್ಜಾಲದಲ್ಲಿ ಹುಡುಕಿದರೆ ಕ್ಷಣಮಾತ್ರದಲ್ಲಿ ಎರಡು ಸಂಖ್ಯೆಗಳು ಎದುರಿಗೆ ಬರುತ್ತವೆ. ಒಂದು ಕಿಲೋಮೀಟರ್ ಲೆಕ್ಕದ ದೂರ, ಇನ್ನೊಂದು ಗಂಟೆಗಳ ಲೆಕ್ಕದ ಹಾರಾಟದ ಸಮಯ. ಮೊದಲನೆಯದನ್ನು ಬಹುಮಟ್ಟಿಗೆ ನಂಬಬಹುದು. ಎರಡನೆಯದನ್ನು ನಂಬುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕಾದ ಕಾಲ ಇದು.

ಹೆಲ್ಸಿಂಕಿ ಮತ್ತು ಟೋಕಿಯೊ ನಗರಗಳನ್ನೇ ನೋಡಿ. ಇವೆರಡರ ನಡುವಿನ ನೇರ ದೂರ ಸುಮಾರು 7,800 ಕಿಲೋಮೀಟರ್. 2022ರ ಆರಂಭದವರೆಗೆ ಫಿನ್‌ಲೆಂಡಿನ ವಿಮಾನಯಾನ ಸಂಸ್ಥೆ ಫಿನ್‌ಏರ್ ಈ ದೂರವನ್ನು ಒಂಬತ್ತರಿಂದ ಒಂಬತ್ತೂವರೆ ಗಂಟೆಯಲ್ಲಿ ಕ್ರಮಿಸುತ್ತಿತ್ತು. ಈಗ ಅದೇ ಪ್ರಯಾಣಕ್ಕೆ ಸುಮಾರು 13 ಗಂಟೆ ಬೇಕು. ನಗರಗಳು ಇದ್ದಲ್ಲೇ ಇವೆ. ವಿಮಾನಗಳ ವೇಗವೂ ಕುಗ್ಗಿಲ್ಲ. ಬದಲಾಗಿರುವುದು ನಡುವಿನ ಆಕಾಶದ ಮೇಲಿನ ಹಕ್ಕು. ಹಾರಾಟದ ಸಮಯ ಎನ್ನುವುದು ಆ ಎರಡು ನಗರಗಳಿಗಷ್ಟೇ ಸೇರಿದ ಗುಣವಲ್ಲ. ಅಂದಿನ ಗಾಳಿ, ಕೆಳಗಿನ ನೆಲ, ವಿಮಾನದ ಬಾಲದ ಮೇಲಿರುವ ದೇಶದ ಗುರುತು, ಎಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ.

ದೂರವನ್ನು ಅಳೆಯುವ ಬಗೆ

ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯನ್ನು ಗಣಿತದಲ್ಲಿ ಮಹಾವೃತ್ತದ ಕಂಸ ಎನ್ನುತ್ತಾರೆ. ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ದಾರ ಹಾದುಹೋಗುವ ಜಾಗವೇ ಆ ದಾರಿ. ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಸಿಗುವುದು ಬೇರೆಯೇ ದಾರಿ. 1569ರಲ್ಲಿ ನಕ್ಷೆಗಾರ ಮರ್ಕೇಟರ್ ರೂಪಿಸಿದ ನಕ್ಷೆ ಹಡಗಿನವರಿಗೆ ದಿಕ್ಕು ತೋರಿಸಲು ಅತ್ಯುತ್ತಮವಾಗಿತ್ತು. ಆದರೆ ಧ್ರುವಗಳ ಕಡೆಗೆ ಸಾಗಿದಂತೆ ಅದು ಭೂಭಾಗವನ್ನು ಹಿಗ್ಗಿಸುತ್ತ ಹೋಗುತ್ತದೆ. ಆಫ್ರಿಕಾ ಖಂಡ ಗ್ರೀನ್‌ಲ್ಯಾಂಡ್‌ಗಿಂತ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಆ ನಕ್ಷೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತವೆ.

ಈ ನಕ್ಷೆ ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರಿ ಕೇಳಿದರೆ ಹೆಚ್ಚಿನವರ ಬೆರಳು ಯುರೋಪ್, ಅಟ್ಲಾಂಟಿಕ್ ಸಾಗರಗಳ ಮೇಲೆ ಹೋಗುತ್ತದೆ. ವಾಸ್ತವದಲ್ಲಿ ಈ ಎರಡು ನಗರಗಳ ರೇಖಾಂಶಗಳು ಭೂಮಿಯ ಎದುರುಬದುರು ಬದಿಗಳಲ್ಲಿವೆ. ಆದ್ದರಿಂದ ಅತಿ ಹತ್ತಿರದ ದಾರಿ ಉತ್ತರ ಧ್ರುವದ ತೀರಾ ಸಮೀಪ ಹಾದುಹೋಗುತ್ತದೆ. ಉದ್ದ ಸುಮಾರು 13,000 ಕಿಲೋಮೀಟರ್.

ಈ ಲೆಕ್ಕಕ್ಕೆ ಬೇಕಾಗುವುದು ಎರಡು ಸ್ಥಳಗಳ ಅಕ್ಷಾಂಶ, ರೇಖಾಂಶ ಮತ್ತು ಭೂಮಿಯ ತ್ರಿಜ್ಯ ಮಾತ್ರ. ಸರಾಸರಿ ತ್ರಿಜ್ಯ 6,371 ಕಿಲೋಮೀಟರ್ ಎಂದು ಹಿಡಿಯುವುದು ವಾಡಿಕೆ. ಭೂಮಿ ಪರಿಪೂರ್ಣ ಗೋಳವಲ್ಲ, ಸಮಭಾಜಕದಲ್ಲಿ ತುಸು ಉಬ್ಬಿದೆ, ಹಾಗಾಗಿ ಅರ್ಧ ಶೇಕಡದಷ್ಟು ವ್ಯತ್ಯಾಸ ಬರಬಹುದು. ಅದಕ್ಕಿಂತ ದೊಡ್ಡ ಗೊಂದಲ ಬರುವುದು ನಗರದ ಯಾವ ಬಿಂದುವಿನಿಂದ ಅಳೆದರು ಎಂಬ ಪ್ರಶ್ನೆಯಿಂದ. ನಗರದ ನಡುಭಾಗದಿಂದ ಅಳೆಯುವ ಜಾಲತಾಣಗಳಿವೆ, ವಿಮಾನ ನಿಲ್ದಾಣದಿಂದ ಅಳೆಯುವ ಜಾಲತಾಣಗಳಿವೆ. ಒಂದೇ ಜೋಡಿ ನಗರಗಳಿಗೆ ಎರಡು ಕಡೆ ಮೂವತ್ತು ನಲವತ್ತು ಕಿಲೋಮೀಟರ್ ವ್ಯತ್ಯಾಸ ಕಂಡರೆ ಕಾರಣ ಸಾಮಾನ್ಯವಾಗಿ ಇದೇ. ದೂರದ ಪ್ರಯಾಣದಲ್ಲಿ ಅದು ಎರಡು ಮೂರು ನಿಮಿಷದ ಮಾತು, ಅಷ್ಟೇ.

ಗಂಟೆಯ ಲೆಕ್ಕದಲ್ಲಿ ಗಾಳಿಯ ಪಾಲು

ದೂರವನ್ನು ಸಮಯಕ್ಕೆ ಬದಲಿಸುವಾಗ ಈ ಜಾಲತಾಣಗಳು ಬಹಳ ಸರಳವಾದ ಕೆಲಸ ಮಾಡುತ್ತವೆ. ಗಂಟೆಗೆ 800ರಿಂದ 900 ಕಿಲೋಮೀಟರ್ ವೇಗವೆಂದು ಭಾವಿಸಿ ಭಾಗಿಸುತ್ತವೆ. ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತವೆ. ಕೆಲವು ಅದನ್ನೂ ಸೇರಿಸುವುದಿಲ್ಲ. ಕೇವಲ 400 ಕಿಲೋಮೀಟರ್ ದೂರದ ಹಾರಾಟದಲ್ಲಿ ವಿಮಾನ ತನ್ನ ಪೂರ್ಣ ವೇಗದಲ್ಲಿ ಸಾಗುವ ಹೊತ್ತು ತೀರಾ ಕಡಿಮೆ, ಏರುವುದರಲ್ಲಿ ಇಳಿಯುವುದರಲ್ಲಿಯೇ ಬಹುಪಾಲು ಕಳೆದುಹೋಗುತ್ತದೆ. ಆದ್ದರಿಂದ ಹತ್ತಿರದ ನಗರಗಳಿಗೆ ಈ ಲೆಕ್ಕ ಯಾವಾಗಲೂ ಕಡಿಮೆ ಸಮಯವನ್ನೇ ತೋರಿಸುತ್ತದೆ.

ದೂರದ ನಗರಗಳಿಗೆ ಬರುವ ತಪ್ಪು ಬೇರೆ ಬಗೆಯದು. ವಿಮಾನದ ವೇಗ ಎಂದು ನಾವು ಹೇಳುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲಿನ ಲೆಕ್ಕ ಬದಲಾಗುತ್ತದೆ. ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕಿರಿದಾದ, ಅತಿ ವೇಗದ ಗಾಳಿಯ ಹರಿವುಗಳಿವೆ. ಇವನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 250 ಕಿಲೋಮೀಟರ್ ದಾಟುವುದು ಅಪರೂಪವಲ್ಲ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತೆಲ್ಲ ಓದಲಿ ಎಂಬ ಆಸೆಯಿಂದ ತಮ್ಮ ವರದಿಯನ್ನು ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ರೂಪಿಸಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಬಲ್ಲವರು ಬೆರಳೆಣಿಕೆಯಷ್ಟಿದ್ದುದರಿಂದ ಅಷ್ಟು ದೊಡ್ಡ ಶೋಧ ಹೊರಜಗತ್ತಿನ ಗಮನಕ್ಕೆ ಬಾರದೇ ಉಳಿಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಎತ್ತರದಲ್ಲಿ ಹಾರುತ್ತಿದ್ದ ಬಾಂಬರ್ ವಿಮಾನಗಳು ಇದೇ ಗಾಳಿಗೆ ಎದುರಾದವು. ವಿಜ್ಞಾನದ ಇತಿಹಾಸದಲ್ಲಿ ಓಯಿಶಿ ಅವರಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿ ಸಂದಿಲ್ಲ ಎಂದೇ ನನ್ನ ಭಾವನೆ.

ಹೋಗುವಾಗ ಗಾಳಿ ಅಡ್ಡಿಯಾದರೂ ಬರುವಾಗ ಅದೇ ಗಾಳಿ ನೆರವಾಗುವುದರಿಂದ ಒಟ್ಟು ಲೆಕ್ಕ ಸರಿಹೋಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಾಗುವುದಿಲ್ಲ. 5,400 ಕಿಲೋಮೀಟರ್ ದೂರ, ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ, 100 ಕಿಲೋಮೀಟರ್ ವೇಗದ ಗಾಳಿ ಎಂದುಕೊಳ್ಳೋಣ. ಗಾಳಿಯ ಜೊತೆ ಹೋಗುವಾಗ ನೆಲದ ಮೇಲಿನ ವೇಗ 1,000. ಪ್ರಯಾಣ 5 ಗಂಟೆ 24 ನಿಮಿಷ. ಎದುರುಗಾಳಿಯಲ್ಲಿ ವೇಗ 800. ಪ್ರಯಾಣ 6 ಗಂಟೆ 45 ನಿಮಿಷ. ಒಟ್ಟು 12 ಗಂಟೆ 9 ನಿಮಿಷ. ಗಾಳಿಯೇ ಇಲ್ಲದಿದ್ದರೆ ಸರಿಯಾಗಿ 12 ಗಂಟೆ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ನಷ್ಟ ಯಾವಾಗಲೂ ಲಾಭಕ್ಕಿಂತ ಹೆಚ್ಚು. ಗಾಳಿ ಬಲವಾದಷ್ಟೂ ಈ ನಷ್ಟ ವೇಗವಾಗಿ ಬೆಳೆಯುತ್ತದೆ: 200 ಕಿಲೋಮೀಟರ್ ಗಾಳಿಯಿದ್ದರೆ ಒಟ್ಟು ಸಮಯ 12 ಗಂಟೆ 37 ನಿಮಿಷ ದಾಟುತ್ತದೆ.

ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ದೂರ ಸುಮಾರು 5,550 ಕಿಲೋಮೀಟರ್. ಪೂರ್ವಕ್ಕೆ ಬರುವ ವಿಮಾನಕ್ಕೆ ಸಾಮಾನ್ಯವಾಗಿ ಪಶ್ಚಿಮಕ್ಕೆ ಹೋಗುವುದಕ್ಕಿಂತ ಒಂದು ಗಂಟೆಯಷ್ಟು ಕಡಿಮೆ ಸಮಯ ಸಾಕು. 2020ರ ಫೆಬ್ರುವರಿಯಲ್ಲಿ ಕಿಯಾರಾ ಚಂಡಮಾರುತ ಬೀಸಿದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ಮೀರಿತ್ತು. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು, ಶಬ್ದದ ವೇಗವನ್ನು ದಾಟಿರಲಿಲ್ಲ. ಅಟ್ಲಾಂಟಿಕ್ ಮೇಲಿನ ವಾಯುಮಾರ್ಗಗಳು ಇದೇ ಕಾರಣಕ್ಕೆ ಸ್ಥಿರವಾಗಿಲ್ಲ. ಗಾಳಿಯ ಮುನ್ಸೂಚನೆ ನೋಡಿ ದಿನಕ್ಕೆ ಎರಡು ಬಾರಿ ಹೊಸ ಪಥಗಳನ್ನು ಪ್ರಕಟಿಸುತ್ತಾರೆ, ಪೂರ್ವಕ್ಕೆ ಹೋಗುವವರಿಗೆ ಒಂದು ಗುಂಪು, ಪಶ್ಚಿಮಕ್ಕೆ ಹೋಗುವವರಿಗೆ ಇನ್ನೊಂದು. ನಕ್ಷೆಯ ಮೇಲಿನ ಹತ್ತಿರದ ದಾರಿಯನ್ನು ಬಿಟ್ಟು ನೂರಾರು ಕಿಲೋಮೀಟರ್ ಸುತ್ತಿ ಹೋದ ವಿಮಾನವೇ ಬೇಗ ತಲುಪುವುದು ಇಲ್ಲಿ ದಿನನಿತ್ಯದ ಸಂಗತಿ. ಸಿಂಗಪುರ ಮತ್ತು ನ್ಯೂಯಾರ್ಕ್ ನಡುವೆ ನೇರ ದೂರ ಸುಮಾರು 15,350 ಕಿಲೋಮೀಟರ್. ಆ ನೇರ ದಾರಿ ಉತ್ತರ ಧ್ರುವದ ಬಳಿಯೇ ಇದೆ. ಆದರೂ ಸಿಂಗಪುರದಿಂದ ಹೊರಡುವ ವಿಮಾನ ಹಲವು ಬಾರಿ ಪೆಸಿಫಿಕ್ ಸಾಗರದ ಮೇಲಿನ ಗಾಳಿಯನ್ನು ಹುಡುಕಿಕೊಂಡು ಹೋಗುತ್ತದೆ.

ಕೆಳಗಿನ ನೆಲವೂ ದಾರಿಯನ್ನು ತಿರುಗಿಸುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 10,000 ಅಡಿ ಎತ್ತರಕ್ಕೆ ಬೇಗನೆ ಇಳಿಯಬೇಕು. ಪ್ರಯಾಣಿಕರ ಮುಖವಾಡಗಳಲ್ಲಿ ಆಮ್ಲಜನಕ ಇರುವುದು ಹದಿನೈದು ಇಪ್ಪತ್ತು ನಿಮಿಷಗಳಿಗೆ ಮಾತ್ರ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್, ಅಂದರೆ ಸುಮಾರು 15,000 ಅಡಿ. ಅಲ್ಲಿ ಅಷ್ಟು ಕೆಳಗೆ ಇಳಿಯಲು ಜಾಗವೇ ಇಲ್ಲ. ಏಷ್ಯಾದ ಬಹುಪಾಲು ವಿಮಾನಗಳು ಆ ಪ್ರದೇಶವನ್ನು ತಪ್ಪಿಸಿ ಸುತ್ತಿ ಹೋಗುವುದು ಇದಕ್ಕಾಗಿ. ಸಾಗರಗಳ ಮೇಲೆ ಎರಡು ಎಂಜಿನ್‌ಗಳ ವಿಮಾನ ಒಂದು ಎಂಜಿನ್ ಕೆಟ್ಟರೂ ನಿಗದಿತ ನಿಮಿಷಗಳೊಳಗೆ ಯಾವುದಾದರೊಂದು ನಿಲ್ದಾಣ ತಲುಪುವಂತಿರಬೇಕು ಎಂಬ ನಿಯಮವಿದೆ. ಮೊದಲು 60 ನಿಮಿಷವಿದ್ದ ಮಿತಿ 1985ರಲ್ಲಿ 120ಕ್ಕೆ, ಮುಂದೆ 180ಕ್ಕೆ, ಕೆಲವು ಹೊಸ ವಿಮಾನಗಳಿಗೆ 300 ನಿಮಿಷಕ್ಕೂ ಮೇಲೆ ಏರಿತು. ಎಂಜಿನ್ ತಂತ್ರಜ್ಞಾನ ಸುಧಾರಿಸಿದಂತೆ ದಾರಿಗಳು ನೇರವಾಗುತ್ತ ಬಂದವು.

ಆಕಾಶಕ್ಕೂ ಬೇಲಿ

ತಂತ್ರಜ್ಞಾನ ನೇರಗೊಳಿಸಿದ ದಾರಿಯನ್ನು ರಾಜಕೀಯ ಮತ್ತೆ ಬಾಗಿಸುತ್ತಿದೆ. 1944ರ ಡಿಸೆಂಬರ್ 7ರಂದು ಷಿಕಾಗೊದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ ಮೊದಲ ವಿಧಿಯೇ ಹೇಳುವಂತೆ ಪ್ರತಿ ದೇಶಕ್ಕೂ ತನ್ನ ಭೂಭಾಗದ ಮೇಲಿನ ವಾಯುಪ್ರದೇಶದ ಮೇಲೆ ಸಂಪೂರ್ಣ ಸಾರ್ವಭೌಮ ಹಕ್ಕಿದೆ. ಇಳಿಯದೆ ಹಾದುಹೋಗುವ ವಿಮಾನಗಳಿಗೆ ಪರಸ್ಪರ ದಾರಿ ಬಿಡುವ ಇನ್ನೊಂದು ಒಪ್ಪಂದವೂ ಅದೇ ಸಂದರ್ಭದಲ್ಲಿ ಆಯಿತು. ಆದರೆ ರಷ್ಯಾ, ಕೆನಡಾ, ಚೀನಾಗಳಂತಹ ಅತಿ ವಿಸ್ತಾರವಾದ ದೇಶಗಳು ಅದರಲ್ಲಿ ಇಲ್ಲ. ಅವುಗಳ ಆಕಾಶ ದಾಟಲು ದೇಶ ದೇಶಗಳ ನಡುವಿನ ಪ್ರತ್ಯೇಕ ಒಪ್ಪಿಗೆ ಬೇಕು, ಶುಲ್ಕ ಕೊಡಬೇಕು. ಒಪ್ಪಿಗೆ ಕೊಟ್ಟವರು ಅದನ್ನು ಹಿಂಪಡೆಯಲೂಬಹುದು.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ತನ್ನ ಆಕಾಶವನ್ನು ಬಹುಮಟ್ಟಿಗೆ ಮುಚ್ಚಿತ್ತು. ಯುರೋಪಿನಿಂದ ಜಪಾನಿಗೆ ಹೋಗುವವರು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿದ್ದರು. ಕೋಪನ್‌ಹೇಗನ್‌ನಿಂದ ಆಂಕರೇಜ್ ಮೂಲಕ ಟೋಕಿಯೊಗೆ ಮೊದಲ ಸೇವೆ ಶುರುವಾದದ್ದು 1957ರಲ್ಲಿ. 1983ರಲ್ಲಿ ಫಿನ್‌ಏರ್ ಡಿಸಿ–10 ವಿಮಾನದಲ್ಲಿ ಉತ್ತರ ಧ್ರುವದ ಮೇಲಿಂದ ಹೆಲ್ಸಿಂಕಿ–ಟೋಕಿಯೊ ನಡುವೆ ಎಲ್ಲೂ ನಿಲ್ಲದ ಸೇವೆ ಆರಂಭಿಸಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಸರಿದ ಕೊರಿಯನ್ ಏರ್ ಲೈನ್ಸ್‌ನ 007 ವಿಮಾನವನ್ನು ಯುದ್ಧವಿಮಾನ ಹೊಡೆದುರುಳಿಸಿತು; 269 ಮಂದಿ ಸತ್ತರು. ಅಮೆರಿಕ ತನ್ನ ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕ ಬಳಕೆಗೆ ತೆರೆಯುವುದಾಗಿ ಘೋಷಿಸಿದ್ದು ಆ ದುರಂತದ ಬಳಿಕ.

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಸೈಬೀರಿಯಾದ ಆಕಾಶ ತೆರೆಯಿತು. ಯುರೋಪ್ ಮತ್ತು ಪೂರ್ವ ಏಷ್ಯಾದ ನಡುವೆ ಹಲವು ಗಂಟೆ ಉಳಿಯಿತು. ಮೂರು ದಶಕ ಈ ಸೌಕರ್ಯ ಎಷ್ಟು ಸಹಜವಾಯಿತೆಂದರೆ ಫಿನ್‌ಏರ್ ತನ್ನ ವ್ಯಾಪಾರದ ತಳಹದಿಯನ್ನೇ ಅದರ ಮೇಲೆ ಕಟ್ಟಿತು: ಯುರೋಪಿನಿಂದ ಏಷ್ಯಾಕ್ಕೆ ಹೋಗುವವರಿಗೆ ಹೆಲ್ಸಿಂಕಿಯೇ ಹತ್ತಿರದ ಬಾಗಿಲು ಎಂಬುದು ಅದರ ಪ್ರಚಾರ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಐರೋಪ್ಯ ಒಕ್ಕೂಟ ರಷ್ಯಾದ ವಿಮಾನಗಳಿಗೆ ಆಕಾಶ ಮುಚ್ಚಿತು. ಫೆಬ್ರುವರಿ 28ರಂದು ರಷ್ಯಾ 36 ದೇಶಗಳ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. 1983ರ ಧ್ರುವದ ದಾರಿ ಮತ್ತೆ ಬಳಕೆಗೆ ಬಂತು.

ಇಲ್ಲಿಂದ ಮುಂದಿನದು ಪ್ರಯಾಣಿಕರು ಅಷ್ಟಾಗಿ ಗಮನಿಸದ ಸಂಗತಿ. ಚೀನಾದ ವಿಮಾನಗಳಿಗೆ ರಷ್ಯಾದ ನಿಷೇಧ ಅನ್ವಯಿಸುವುದಿಲ್ಲ. ಆದ್ದರಿಂದ ಲಂಡನ್‌ನಿಂದ ಬೀಜಿಂಗ್‌ಗೆ ಚೀನಾದ ಸಂಸ್ಥೆಯ ವಿಮಾನ ಹತ್ತಿರದ ದಾರಿಯಲ್ಲಿ ಹೋಗುತ್ತದೆ, ಬ್ರಿಟನ್ನಿನ ವಿಮಾನ ದಕ್ಷಿಣಕ್ಕೆ ಸುತ್ತಬೇಕು. ನಗರಗಳು ಅವೇ, ವಿಮಾನದ ಮಾದರಿಯೂ ಒಂದೇ ಇರಬಹುದು. ಸಮಯ ಬೇರೆ, ಇಂಧನದ ಖರ್ಚು ಬೇರೆ. 2024ರ ಅಕ್ಟೋಬರ್‌ನಲ್ಲಿ ವರ್ಜಿನ್ ಅಟ್ಲಾಂಟಿಕ್ ತನ್ನ ಶಾಂಘೈ ಸೇವೆಯನ್ನು ನಿಲ್ಲಿಸಿತು. ಅದೇ ತಿಂಗಳು ಬ್ರಿಟಿಷ್ ಏರ್‌ವೇಸ್ ಲಂಡನ್–ಬೀಜಿಂಗ್ ಸೇವೆಯನ್ನು ಸ್ಥಗಿತಗೊಳಿಸಿತು.

ದೊಡ್ಡ ಜೋಡಿ ಎಂಜಿನ್ ವಿಮಾನವೊಂದು ಗಂಟೆಗೆ ಐದಾರು ಟನ್ ಇಂಧನ ಸುಡುತ್ತದೆ. ಹೆಲ್ಸಿಂಕಿ–ಟೋಕಿಯೊ ವಿಮಾನದಂತೆ ಮೂರೂವರೆ ಗಂಟೆ ಹೆಚ್ಚು ಹಾರಿದರೆ ಸುಮಾರು ಇಪ್ಪತ್ತು ಟನ್. ಒಂದು ಕಿಲೋ ಇಂಧನ ಸುಟ್ಟರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ಕಡೆಯ ಒಂದೇ ಪ್ರಯಾಣಕ್ಕೆ ಅರವತ್ತು ಟನ್ ಆಸುಪಾಸು ಹೆಚ್ಚುವರಿ ಹೊರಸೂಸುವಿಕೆ. ಲೆಕ್ಕ ಇಲ್ಲಿಗೂ ನಿಲ್ಲುವುದಿಲ್ಲ. ಹೆಚ್ಚುವರಿ ಇಂಧನವನ್ನು ಹೊತ್ತೊಯ್ಯಲು ಮತ್ತಷ್ಟು ಇಂಧನ ಬೇಕು, ಪೈಲಟ್‌ಗಳ ಕರ್ತವ್ಯದ ಮಿತಿ ಮೀರಿದರೆ ಇನ್ನೊಬ್ಬ ಪೈಲಟ್ ಬೇಕು, ಸಂಜೆಗೆ ಮರಳಿ ಹೊರಡಬೇಕಾದ ವಿಮಾನ ಇನ್ನೂ ಆಕಾಶದಲ್ಲೇ ಇರುತ್ತದೆ.

ದಕ್ಷಿಣ ಏಷ್ಯಾದಲ್ಲಿ ಇದೇ ಕಥೆ ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಏಪ್ರಿಲ್ 30ರಂದು ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಉಜ್ಬೇಕಿಸ್ತಾನದ ತಾಷ್ಕೆಂಟ್ ಸುಮಾರು 1,600 ಕಿಲೋಮೀಟರ್, ಮೂರು ಗಂಟೆಯೊಳಗಿನ ಪ್ರಯಾಣ. ಪಾಕಿಸ್ತಾನವನ್ನು ತಪ್ಪಿಸಿ ಹೋಗಬೇಕೆಂದರೆ ಅರಬ್ಬಿ ಸಮುದ್ರಕ್ಕೆ ಇಳಿದು ಇರಾನ್ ಮೂಲಕ ಮತ್ತೆ ಉತ್ತರಕ್ಕೆ ಏರಬೇಕು. ಆ ಸುತ್ತು ಇಂಡಿಗೊ ಸಂಸ್ಥೆಯ ವಿಮಾನಗಳ ವ್ಯಾಪ್ತಿಯನ್ನೇ ಮೀರಿತು. ಹಾಗಾಗಿ ಅದು ತಾಷ್ಕೆಂಟ್ ಮತ್ತು ಕಜಕಸ್ತಾನದ ಅಲ್ಮಾಟಿ ಸೇವೆಗಳನ್ನು ನಿಲ್ಲಿಸಿತು. ನಿಷೇಧ ಭಾರತದ ವಿಮಾನಗಳಿಗೆ ಮಾತ್ರ. ಉಜ್ಬೇಕಿಸ್ತಾನದ ವಿಮಾನಕ್ಕೆ ಅದೇ ಆಕಾಶದಲ್ಲಿ ಅಡ್ಡಿಯಿಲ್ಲ. ಏರ್ ಇಂಡಿಯಾ 2025ರ ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ಸೇವೆ ನಿಲ್ಲಿಸುವಾಗ ವಿಮಾನಗಳ ಒಳಾಂಗಣ ನವೀಕರಣದ ಜೊತೆಗೆ ಪಾಕಿಸ್ತಾನದ ಆಕಾಶ ಮುಚ್ಚಿರುವುದನ್ನೂ ಕಾರಣವಾಗಿ ಹೇಳಿತು.

2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಸಂಘರ್ಷದ ವೇಳೆ ಇರಾನ್, ಇರಾಕ್, ಜೋರ್ಡಾನ್‌ಗಳ ಆಕಾಶವೂ ಮುಚ್ಚಿತು. ಉತ್ತರದಲ್ಲಿ ರಷ್ಯಾ ಮತ್ತು ಉಕ್ರೇನ್, ದಕ್ಷಿಣದಲ್ಲಿ ಇರಾನ್ ಮತ್ತು ಇರಾಕ್. ಇವುಗಳ ನಡುವೆ ಉಳಿದದ್ದು ಜಾರ್ಜಿಯಾ, ಅಜರ್‌ಬೈಜಾನ್, ಕ್ಯಾಸ್ಪಿಯನ್ ಸಮುದ್ರದ ಮೇಲಿನ ಕಿರಿದಾದ ಓಣಿ ಒಂದೇ. ಇಲ್ಲವೇ ಈಜಿಪ್ಟ್, ಸೌದಿ ಅರೇಬಿಯಾದ ಮೇಲೆ ಸುತ್ತು ದಾರಿ. ಎರಡು ಖಂಡಗಳ ನಡುವಿನ ವಿಮಾನ ಸಂಚಾರ ಇಷ್ಟು ಇಕ್ಕಟ್ಟಿನ ಜಾಗದಲ್ಲಿ ನುಸುಳುವುದು ಆತಂಕದ ವಿಷಯ. ಆ ಓಣಿಯ ಆಸುಪಾಸಿನಲ್ಲಿ ಜಿಪಿಎಸ್ ಸಂಕೇತಗಳಿಗೆ ಅಡ್ಡಿಪಡಿಸುವ, ಸುಳ್ಳು ಸಂಕೇತ ಕಳಿಸುವ ಪ್ರಕರಣಗಳೂ ಹೆಚ್ಚಿವೆ.

ಸುತ್ತು ದಾರಿ ಹಿಡಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನ ಪೂರ್ವ ಉಕ್ರೇನ್ ಮೇಲೆ 33,000 ಅಡಿ ಎತ್ತರದಲ್ಲಿ ಹಾರುತ್ತಿತ್ತು. ಅಲ್ಲಿ 32,000 ಅಡಿಯವರೆಗಿನ ಆಕಾಶವನ್ನು ಮಾತ್ರ ಮುಚ್ಚಲಾಗಿತ್ತು. ಕಾಗದದ ಮೇಲೆ ಎಲ್ಲವೂ ನಿಯಮದಂತೆಯೇ ಇತ್ತು. ಕ್ಷಿಪಣಿ ತಗುಲಿ 298 ಮಂದಿ ಸತ್ತರು. ಯುದ್ಧ ನಡೆಯುವ ನೆಲದ ಮೇಲೆ ಹತ್ತಿರದ ದಾರಿ ಹಿಡಿಯುವುದಕ್ಕಿಂತ ಎರಡು ಗಂಟೆ ತಡವಾಗಿ ತಲುಪುವುದು ಸಾವಿರ ಪಾಲು ಮೇಲು. ನನ್ನ ತಕರಾರು ಇರುವುದು ಈ ಆಯ್ಕೆಗಳನ್ನು ಪ್ರಯಾಣಿಕನ ಕಣ್ಣಿಗೆ ಬೀಳದಂತೆ ಇಡುವ ಪದ್ಧತಿಯ ಬಗ್ಗೆ. ಪ್ರಯಾಣದ ಚೀಟಿ (ಟಿಕೆಟ್) ಕೊಳ್ಳುವ ಪುಟದಲ್ಲಿ ಎರಡು ವಿಮಾನಗಳು ಅಕ್ಕಪಕ್ಕ ಕಾಣುತ್ತವೆ, ಒಂದು ಎರಡು ಗಂಟೆ ಬೇಗ ತಲುಪುತ್ತದೆ ಎಂದಷ್ಟೇ ಬರೆದಿರುತ್ತದೆ. ಆ ಎರಡು ಗಂಟೆ ಯಾವ ದೇಶದ ಮೇಲಿಂದ ಉಳಿಯುತ್ತದೆ ಎಂಬುದು ಎಲ್ಲೂ ಇರುವುದಿಲ್ಲ.

ವೇಳಾಪಟ್ಟಿಯ ಸಮಯ

ಚೀಟಿಯ ಮೇಲಿನ ಸಮಯವೂ ಹಾರಾಟದ ಸಮಯವಲ್ಲ. ನಿಲುಗಡೆ ಸ್ಥಳದಿಂದ ವಿಮಾನ ಕದಲಿದ ಗಳಿಗೆಯಿಂದ ಇನ್ನೊಂದು ನಗರದ ನಿಲುಗಡೆಗೆ ಬಂದು ನಿಂತ ಗಳಿಗೆಯವರೆಗಿನ ಲೆಕ್ಕ ಅದು. ರನ್‌ವೇ ಕಡೆಗೆ ಸಾಗುವ ಹೊತ್ತು, ಸರದಿಯಲ್ಲಿ ಕಾಯುವ ಹೊತ್ತು, ಇಳಿಯುವ ಮುನ್ನ ಆಕಾಶದಲ್ಲಿ ಸುತ್ತುವ ಹೊತ್ತು ಎಲ್ಲವೂ ಅದರೊಳಗೆ ಬರುತ್ತವೆ. ಜೊತೆಗೆ ಸಂಸ್ಥೆಗಳು ಒಂದಿಷ್ಟು ನಿಮಿಷಗಳನ್ನು ಮುಂಚೆಯೇ ಕೂಡಿಸಿಡುತ್ತವೆ. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ ನಿಗದಿತ ಸಮಯದ 15 ನಿಮಿಷದೊಳಗೆ ಬಂದ ವಿಮಾನ ಸಮಯಕ್ಕೆ ಸರಿಯಾಗಿ ಬಂದಂತೆ. ವೇಳಾಪಟ್ಟಿಯಲ್ಲಿ ಮೊದಲೇ ಸಡಿಲ ಬಿಟ್ಟರೆ ಸಮಯಪಾಲನೆಯ ಅಂಕ ತಾನಾಗಿ ಏರುತ್ತದೆ. ಒಂದು ಊರಿನಿಂದ ಇನ್ನೊಂದಕ್ಕೆ ಹಿಂದಿಗಿಂತ ಹೆಚ್ಚು ಸಮಯ ತೋರಿಸುವ ವೇಳಾಪಟ್ಟಿಗಳ ಹಿಂದೆ ಗಾಳಿ, ಗಡಿಗಳ ಜೊತೆ ಇದೂ ಕೆಲಸ ಮಾಡುತ್ತಿರುತ್ತದೆ.

ಹೊರಡುವ, ತಲುಪುವ ಸಮಯಗಳನ್ನು ಆಯಾ ನಗರದ ಗಡಿಯಾರದಂತೆ ಬರೆಯುವುದರಿಂದ ಒಂದರಿಂದ ಇನ್ನೊಂದನ್ನು ಕಳೆದು ಲೆಕ್ಕ ಹಾಕುವವರು ಮೋಸಹೋಗುತ್ತಾರೆ. ಟೋಕಿಯೊದಿಂದ ಸಂಜೆ ಹೊರಟು ಪೆಸಿಫಿಕ್ ದಾಟಿ ಅದೇ ದಿನಾಂಕದ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವುದು ಅಂತರರಾಷ್ಟ್ರೀಯ ದಿನಾಂಕ ರೇಖೆಯಿಂದಾಗಿ. ಹೋಗಲು ಸುಮಾರು ಒಂಬತ್ತೂವರೆ ಗಂಟೆ, ಎದುರುಗಾಳಿಯಲ್ಲಿ ಮರಳಲು ಹನ್ನೊಂದು.

ನಿಜವಾದ ಸಮಯ ತಿಳಿಯಬೇಕಾದವರಿಗೆ ಈಗ ಒಳ್ಳೆಯ ದಾರಿಯಿದೆ. ವಿಮಾನಗಳು ತಮ್ಮ ಸ್ಥಾನವನ್ನು ರೇಡಿಯೊ ಮೂಲಕ ನಿರಂತರ ಸಾರುತ್ತಿರುತ್ತವೆ. ಅದನ್ನು ಸಂಗ್ರಹಿಸಿ ನಕ್ಷೆಯ ಮೇಲೆ ತೋರಿಸುವ ಜಾಲತಾಣಗಳಲ್ಲಿ ವಿಮಾನದ ಸಂಖ್ಯೆ ಕೊಟ್ಟರೆ ಕಳೆದ ಹಲವು ದಿನಗಳಲ್ಲಿ ಅದು ಹಿಡಿದ ದಾರಿ, ತೆಗೆದುಕೊಂಡ ಸಮಯ ಎರಡೂ ಸಿಗುತ್ತವೆ. ಇನ್ನೊಂದು ವಿಮಾನಕ್ಕೆ ಬದಲಾಯಿಸಿಕೊಳ್ಳಬೇಕಾದವರು ಸರಾಸರಿಯನ್ನು ಬಿಟ್ಟು ಅತಿ ತಡವಾಗಿ ಬಂದ ದಿನಗಳನ್ನು ನೋಡಬೇಕು. ಹೋಗುವ, ಬರುವ ಪ್ರಯಾಣಗಳನ್ನು ಬೇರೆ ಬೇರೆಯಾಗಿ, ಅದೇ ಋತುವಿನ ಲೆಕ್ಕದಲ್ಲಿ ನೋಡಬೇಕು. ವಿಮಾನ ಹಿಡಿಯುವ ದಾರಿಯ ಅಂದಾಜು ಸಂಸ್ಥೆಗಳ ಬಳಿ ಇದ್ದೇ ಇರುತ್ತದೆ. ಪ್ರಯಾಣದ ಇಂಗಾಲದ ಲೆಕ್ಕವನ್ನು ಚೀಟಿಯ ಪಕ್ಕದಲ್ಲಿ ತೋರಿಸುವ ಮಾರಾಟ ತಾಣಗಳಿಗೆ ಕಳೆದ ತಿಂಗಳ ನೈಜ ಸಮಯ ಮತ್ತು ದಾಟುವ ವಾಯುಪ್ರದೇಶಗಳ ಪಟ್ಟಿಯನ್ನು ಅದರ ಜೊತೆ ಸೇರಿಸುವುದು ಕಷ್ಟವಲ್ಲ. ನಿಯಂತ್ರಕ ಸಂಸ್ಥೆಗಳು ಅದನ್ನು ಕಡ್ಡಾಯ ಮಾಡಬೇಕು.